ಹೆಪ್ಪು ಹಾಕದ ಮನೆಗಳು

ಬೆಳಿಗ್ಗೆ ಹತ್ತು ನಲವತ್ತೆರಡಕ್ಕೆ ಇಂದುಮತಿ ಹಿಪ್ಪರಗಿ ಶತ್ರುವಿನ ಡ್ರೋನ್ ಹಿಂಡೊಂದನ್ನು ದೇಶದ ಪಶ್ಚಿಮದ ಆಕಾಶಕ್ಕೆ ಒಗೆದಳು. ಅದಕ್ಕೆ ಬೇಕಾದದ್ದು ಒಂದು ಗುಂಡಿ ಮತ್ತು ಎಡಗೈ ಹೆಬ್ಬೆರಳು, ಅಷ್ಟೇ. ಗಾಜಿನ ಕೋಣೆಯ ಆಚೆ, ಕಂಟ್ರೋಲ್ ರೂಮಿನ ದೊಡ್ಡ ಪರದೆಯ ಮೇಲೆ ಜೋಳದ ಕಾಳಿನಷ್ಟು ಚುಕ್ಕಿಯೊಂದು ಮೂಡಿತು. ಪರದೆಯ ಮುಂದೆ ಐವರು ಕಾವಲುಗಾರರು ಕುಳಿತಿದ್ದರು. ಐವರ ತಲೆಯ ಮೇಲೂ ತಂತಿ ಹೊರಟ ಬೂದು ಟೊಪ್ಪಿಗೆ. ಚುಕ್ಕಿ ಕಂಡ ಕೂಡಲೇ ಇಂದುಮತಿಯ ಎದುರಿನ ಪುಟ್ಟ ಪರದೆಯಲ್ಲಿ ಐದು ಗೆರೆಗಳು ಎದ್ದು ಬೀಳಬೇಕಿತ್ತು. ಎರಡು ಎದ್ದವು. ಮೂರು ಮಲಗಿದ್ದಲ್ಲೇ ಮಲಗಿದ್ದವು.

ಒಂದು ನಿಮಿಷದ ನಂತರ ಗೋಡೆಯ ಹಸಿರು ದೀಪ ಹತ್ತಿತು. ಹಸಿರು ಹತ್ತಿದರೆ ಚುಕ್ಕಿ ಹುಸಿ ಎಂದರ್ಥ. ಇಬ್ಬರು ಹೊಸಬರು ಉಸಿರು ಬಿಟ್ಟು ನಕ್ಕರು. ಮಿಕ್ಕ ಮೂವರು, ಅಂದರೆ ಈರಣ್ಣ ಕಡಕೋಳ, ವಿಲ್ಸನ್ ಮತ್ತು ಇಂದುಮತಿಯ ಗಂಡ ಗುರುಪಾದ, ಬಸ್ಸಿಗೆ ಕಾಯುವವರ ಹಾಗೆ ಸುಮ್ಮನೆ ಕುಳಿತೇ ಇದ್ದರು.

ಎರೆಗುಡ್ಡದ ಆಕಾಶರಕ್ಷಣಾ ನಿಲ್ದಾಣಕ್ಕೆ ಈ ಟೊಪ್ಪಿಗೆಗಳು ಬಂದದ್ದು ಸುಮ್ಮನೆ ಅಲ್ಲ. ಏಳು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಒಂದು ಚುಕ್ಕಿ ಕಂಡಿತ್ತು. ಕಾವಲಿಗಿದ್ದವನು ಎರಡು ಸಲ ನೋಡಿ 'ಹೌದು' ಅಂದ. ಕ್ಷಿಪಣಿ ಹೋಯಿತು. ಬಿದ್ದದ್ದು ದಾರಿ ತಪ್ಪಿದ ಪ್ರಯಾಣಿಕರ ವಿಮಾನ. ಸತ್ತವರು ನೂರ ಹನ್ನೆರಡು ಜನ. 'ಹೌದು' ಅಂದವನು ಗುರುಪಾದ. ತನಿಖೆ ಅವನದು ತಪ್ಪಲ್ಲ, ವ್ಯವಸ್ಥೆಯದು ತಪ್ಪು ಅಂದಿತು. ವ್ಯವಸ್ಥೆಗೆ ರಾತ್ರಿ ನಿದ್ದೆ ಕೆಡುವುದಿಲ್ಲ, ಅವನಿಗೆ ಕೆಟ್ಟಿತು.

ಆಮೇಲೆ ಬಂತು ಬೆಚ್ಚುಯಂತ್ರ. ಮನುಷ್ಯನ ಬಾಯಿ ತಪ್ಪು ಹೇಳಬಹುದು, ಭಯಕ್ಕೋ ಅಧಿಕಾರಿಯ ಮುಲಾಜಿಗೋ ಹೇಳಬಹುದು. ಆದರೆ ನಿಜವಾದ ಅಪಾಯ ಕಂಡಾಗ ಮಿದುಳು ಒಂದು ಸೆಕೆಂಡಿನ ಮೂರನೇ ಒಂದು ಪಾಲಿನಲ್ಲಿ, ಬಾಯಿ ತೆರೆಯುವ ಮೊದಲೇ ಬೆಚ್ಚುತ್ತದೆ. ಟೊಪ್ಪಿಗೆ ಆ ಬೆಚ್ಚನ್ನು ಹಿಡಿಯುತ್ತದೆ. ರೇಡಾರ್ ಚುಕ್ಕಿ ಹಿಡಿದಾಗ ಐವರಲ್ಲಿ ನಾಲ್ವರು ಒಟ್ಟಿಗೆ ಬೆಚ್ಚಿದರೆ ಮಾತ್ರ ಕಮಾಂಡರ್ ಮೇಜಿನ ಮೇಲಿನ ಉಕ್ಕಿನ ಮುಚ್ಚಳ ತೆರೆದುಕೊಳ್ಳುತ್ತದೆ. ಒಳಗೆ ಕೀಲಿ. ಕೀಲಿ ತಿರುಗಿಸಿದರೆ ಹದಿನಾರು ಕ್ಷಿಪಣಿಗಳು ಗಡಿಯಾಚೆ ಹೋಗುತ್ತವೆ, ಅಲ್ಲಿಂದ ಮರುತ್ತರ ಬಂದೇ ಬರುತ್ತದೆ. ಆಮೇಲೆ ಎಣಿಸಲು ಯಾರೂ ಉಳಿಯುವುದಿಲ್ಲ.

ಕಾವಲುಗಾರರು ಜಡ್ಡುಗಟ್ಟದಿರಲಿ ಎಂದು ಪಾಳಿಗೊಂದು ಹುಸಿ ಚುಕ್ಕಿ ಒಗೆಯುವುದು ಇಂದುಮತಿಯ ಕೆಲಸ. ಹುಸಿಗೆ ಮುಚ್ಚಳ ತೆರೆಯುವುದಿಲ್ಲ. ಯಾವ ಹೊತ್ತಿಗೆ ಒಗೆಯುತ್ತಾಳೆಂಬುದು ಅವಳ ಉಕ್ಕಿನ ಪೆಟ್ಟಿಗೆಯಲ್ಲಿರುವ ಪಟ್ಟಿಗೆ ಮಾತ್ರ ಗೊತ್ತು. ಆ ಪಟ್ಟಿ ಅವಳ ಮನೆಯಲ್ಲಿ, ಅವಳ ಗಂಡನೂ ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಇರುತ್ತಿತ್ತು.

ಮೂರು ಗೆರೆ ಏಕೆ ಎದ್ದಿಲ್ಲ? ಚುಕ್ಕಿ ಹುಸಿಯೆಂದು ಮೊದಲೇ ಗೊತ್ತಿದ್ದವನು ಬೆಚ್ಚುವುದಿಲ್ಲ. ಇಂದುಮತಿ ಗಂಡನ ಗೆರೆಯನ್ನು ಇನ್ನೊಮ್ಮೆ ನೋಡಿದಳು.

*

ಅವರ ಮನೆಯಲ್ಲಿ ಮೊಸರಿಗೆ ಹೆಪ್ಪು ಹಾಕುವುದು ಗುರುಪಾದನ ಕೆಲಸ. ಅದು ಅವನ ಅವ್ವನ ಮನೆಯ ಹೆಪ್ಪು. ಊರೂರು ವರ್ಗವಾದಾಗಲೆಲ್ಲ ಸ್ಟೀಲಿನ ಡಬ್ಬಿಯಲ್ಲಿ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದದ್ದು. ಸಂಜೆ ಹಾಲು ಕಾಸಿ, ಬೆರಳದ್ದಿ ಬಿಸಿ ನೋಡಿ, ಒಂದು ಚಮಚ ಹೆಪ್ಪು ಬೆರೆಸಿ, ಕಪ್ಪು ಮಣ್ಣಿನ ಗಡಿಗೆಯ ಮೇಲೆ ತಟ್ಟೆ ಮುಚ್ಚುವವರೆಗೆ ಅವನು ಬೇರೆ ಮಾತಾಡುತ್ತಿರಲಿಲ್ಲ. ಇಂದುಮತಿ ಹಾಕಿದರೆ ಮೊಸರು ನೀರಾಗುತ್ತದೆ ಎಂದು ಅವನ ದೂರು. ಇಪ್ಪತ್ತೆರಡು ವರ್ಷದಿಂದ ಆ ದೂರಿನ ನೆರಳಲ್ಲೇ ಅವಳಿಗೆ ಒಂದು ಕೆಲಸ ಕಡಿಮೆಯಾಗಿತ್ತು.

ಅಂದು ಸಂಜೆ ಅವನು ಹೆಪ್ಪು ಹಾಕುವಾಗ ಅವಳು ಪೆಟ್ಟಿಗೆಯ ಬೀಗದ ಸಂದಿಗೆ ತನ್ನ ತಲೆಗೂದಲೊಂದನ್ನು ಸಿಕ್ಕಿಸಿಟ್ಟಳು. ಮಾರನೇ ದಿನ ಕೂದಲು ಇದ್ದಲ್ಲೇ ಇತ್ತು. ಅದೂ ಸಾಲದೆನಿಸಿ ಎರಡು ದಿನ ಪಟ್ಟಿಯನ್ನೇ ಬಿಟ್ಟಳು. ಮನಸ್ಸಿಗೆ ಬಂದ ಹೊತ್ತಿನಲ್ಲಿ ಚುಕ್ಕಿ ಒಗೆದಳು. ಆಗಲೂ ಆ ಮೂರು ಗೆರೆಗಳು ಏಳಲಿಲ್ಲ.

ಅಂದರೆ ಪಟ್ಟಿ ಸೋರಿಲ್ಲ. ಗಂಡನ ಮೇಲೆ ಸುಳ್ಳೇ ಸಂಶಯಪಟ್ಟೆನಲ್ಲ ಎಂದು ಒಂದು ಗಳಿಗೆ ನಾಚಿಕೆಯಾಯಿತು. ಮರುಗಳಿಗೆಯೇ ಇನ್ನೂ ದೊಡ್ಡ ಸಂಶಯ ಬಂದು ಕುಳಿತಿತು. ಯಾವ ಹೊತ್ತಿನಲ್ಲಿ ಒಗೆದರೂ ಬೆಚ್ಚುವುದಿಲ್ಲವೆಂದರೆ, ಇವರಿಗೆ ಈಗ ಏನೂ ಆಗುವುದಿಲ್ಲವೆಂದು ಯಾರು ಹೇಳಿದ್ದಾರೆ?

ನಿಯಮದಂತೆ ಅವಳು ಕಮಾಂಡರ್ ಮಣ್ಣೂರರ ಮುಂದೆ ಗೆರೆಗಳ ಕಾಗದ ಇಟ್ಟಳು. ಅಚ್ಯುತರಾವ್ ಮಣ್ಣೂರ ಮೆಲುಮಾತಿನ ಮನುಷ್ಯ. ಗುರುವಾರ ಸಂಜೆ ಮೆಸ್ಸಿನ ಹಿಂದಿನ ಹಾಲಿನಲ್ಲಿ ಅವರು ನಡೆಸುವ ಕೂಟಕ್ಕೆ ಕಾಲೊನಿಯ ಮನೆಮನೆಯಿಂದಲೂ ಜನ ಹೋಗುತ್ತಿದ್ದರು. ಅಲ್ಲಿ ಯಾವ ದೇವರ ಹೆಸರೂ ಇಲ್ಲ. ವಿಲ್ಸನ್ನೂ ಹೋಗುತ್ತಾನೆ, ಈರಣ್ಣನೂ ಹೋಗುತ್ತಾನೆ. 'ಕಡೆಹಗಲು' ಎನ್ನುವ ಒಂದು ದಿನ ಇದೆಯಂತೆ, ಅಂದು ಸತ್ತವರು ಬದುಕಿದವರು ಎಲ್ಲರೂ ಒಟ್ಟಿಗೆ ನ್ಯಾಯಕ್ಕೆ ನಿಲ್ಲುತ್ತಾರಂತೆ. ಎದುರು ಸಿಕ್ಕಾಗ ಆ ಕೂಟದವರು ನಮಸ್ಕಾರದ ಬದಲು 'ಕಣ್ಣು ತೆರೆದಿರಲಿ' ಅನ್ನುತ್ತಾರೆ. ಕಾವಲುಗಾರರಿಗೆ ಒಪ್ಪುವ ಮಾತೇ ಎಂದು ಇಂದುಮತಿ ಅಲ್ಲಿಯವರೆಗೆ ಅದನ್ನು ಹಚ್ಚಿಕೊಂಡಿರಲಿಲ್ಲ. ಗುರುಪಾದ ಹೋಗತೊಡಗಿದಾಗಲೂ, ಹೋಗಲಿ, ನಾಲ್ಕು ಜನರ ನಡುವೆ ಕೂತು ಹಗುರಾಗಲಿ ಅಂದುಕೊಂಡಿದ್ದಳು.

"ಯಂತ್ರ ಹಳೇದಾಯ್ತು ಮೇಡಂ," ಅಂದರು ಮಣ್ಣೂರ, ಕಾಗದವನ್ನು ಸರಿಯಾಗಿ ನೋಡದೆ. "ಜನರದೇನೂ ದೋಷ ಇಲ್ಲ. ಬೆಚ್ಚಿನ ಮಿತಿಯನ್ನ ಅರ್ಧಕ್ಕಿಳಿಸಿ. ಆಗ ಸಣ್ಣ ಗೆರೇನೂ ಲೆಕ್ಕಕ್ಕೆ ಬರುತ್ತೆ."

"ಅರ್ಧಕ್ಕೆ ಇಳಿಸಿದರ ಮುಚ್ಚಳ ತೆಗಿಯೂದು ಭಾಳ ಸಲೀಸಾಗತೈತ್ರಿ ಸರ್."

"ಹತ್ತೊಂಬತ್ತರವರೆಗೆ ಹೀಗಿರಲಿ. ಆಮೇಲೆ ನೋಡಿದರಾಯ್ತು." ಅವರು ಆಗಲೇ ಬರೆದಿಟ್ಟಿದ್ದ ಆದೇಶವನ್ನು ಮುಂದೆ ತಳ್ಳಿದರು.

ಮಿತಿ ಬದಲಿಸಲು ಇಬ್ಬರ ಸಹಿ ಬೇಕು. ಮಣ್ಣೂರರದು ಇತ್ತು. ಇಂದುಮತಿಯೂ ಹಾಕಿದಳು. ಹತ್ತೊಂಬತ್ತು ಯಾಕೆ ಎಂದು ಕೇಳಬೇಕೆನಿಸಿದ್ದು ನೆಲದಡಿಯ ಕಚೇರಿಯಿಂದ ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದ ಮೇಲೆ. ಮೂವತ್ತು ವರ್ಷ ಓದಿ, ಅಳೆದು, ತೂಗಿ ಬದುಕಿದ ಹೆಂಗಸು ಒಂದು ಸಹಿಯನ್ನು ತೂಗಿ ನೋಡಿರಲಿಲ್ಲ. ಈಗ ಹಿಂದೆಗೆಯಬೇಕೆಂದರೆ ಮತ್ತೆ ಅವರ ಸಹಿಯೇ ಬೇಕು.

*

ಮಾರ್ಚ್ ಎಂದರೆ ಕಾಲೊನಿಯ ಹನ್ನೊಂದು ಮನೆಯ ಮಾಳಿಗೆಗಳ ಮೇಲೂ ಕಾಲಿಡಲು ಜಾಗ ಇರುವುದಿಲ್ಲ. ಹಳೇ ಸೀರೆ ಹಾಸಿ ಸಂಡಿಗೆ, ಹಪ್ಪಳ, ಶ್ಯಾವಿಗೆ ಒಣಹಾಕುವ ಕಾಲ. ಕಾಗೆ ಓಡಿಸಲು ಒಂದೊಂದು ಮನೆಯ ಅಜ್ಜಿ ಸರದಿಯ ಮೇಲೆ ಕೋಲು ಹಿಡಿದು ಕೂರುತ್ತಿದ್ದಳು. ಈ ವರ್ಷ ಬಟ್ಟೆ ಒಣಹಾಕಲು ಹತ್ತಿದ ಇಂದುಮತಿ ಸುತ್ತ ನೋಡಿದರೆ ಎಲ್ಲ ಮಾಳಿಗೆಗಳೂ ಬೋಳು ಬೋಳು. ಕಾಗೆಗಳು ಕೂಡ ಬಂದು, ನೋಡಿ, ಬೇಜಾರಾಗಿ ಹೋಗುತ್ತಿದ್ದವು.

ಪಕ್ಕದ ಮಾಳಿಗೆಯಲ್ಲಿ ಈರಣ್ಣನ ಹೆಂಡತಿ ಚನ್ನವ್ವ ದುಪಟಿ ಜಾಡಿಸುತ್ತಿದ್ದಳು.

"ಯಾಕ ಚನ್ನವ್ವ, ಈ ವರ್ಷ ಸಂಡಿಗಿ ಮಾಡಲಿಲ್ಲೇನ?"

ಚನ್ನವ್ವ ದುಪಟಿಯ ಹಿಂದಿನಿಂದಲೇ ಹೇಳಿದಳು. "ಅವರು ಬ್ಯಾಡ ಅಂದ್ರು ಇಂದಕ್ಕ. ಮಳಿಗಾಲಕ್ಕ ತಿನ್ನೋರು ಯಾರು ಇರತಾರ ಅಂತಾರ." ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಮನ್ಯಾಗ ಗುರುಪಾದಣ್ಣಾರು ನಿಮಗ ಹೇಳಿಲ್ಲೇನು? ಹತ್ತೊಂಬತ್ತಕ್ಕ ಅಂತಲ್ಲ," ಅಂದಳು.

ಇಂದುಮತಿ ಒದ್ದೆ ಸೀರೆ ಹಿಡಿದುಕೊಂಡೇ ನಿಂತಳು. ಈಗ ಮೂರು ಗೆರೆಗಳ ಅರ್ಥ ಬಿಡಿಸಿಟ್ಟಷ್ಟು ಸ್ಪಷ್ಟವಾಯಿತು. ಲೋಕ ಮುಗಿಯುವುದು ಹತ್ತೊಂಬತ್ತನೇ ತಾರೀಕಿಗೆ ಎಂದು ನಂಬಿದವನಿಗೆ ಹನ್ನೆರಡನೇ ತಾರೀಕಿಗೆ ಕಂಡ ಚುಕ್ಕಿಯಿಂದ ಯಾಕೆ ಭಯವಾಗಬೇಕು? ಆದರೆ ಹತ್ತೊಂಬತ್ತಕ್ಕೆ? ಅಂದು ಪರದೆಯ ಮೇಲೆ ಏನು ಕಂಡರೂ, ಹಕ್ಕಿ ಕಂಡರೂ, ಆ ಮೂವರ ಮಿದುಳು ಮುಗಿಲಿಗೆ ಹಾರಿದ ಹಾಗೆ ಬೆಚ್ಚುತ್ತದೆ. ಹೊಸಬರಿಬ್ಬರು ಬಾಗಿಲು ಬಡಿದರೂ ಬೆಚ್ಚುವವರು. ಮಿತಿಯನ್ನಂತೂ ತಾನೇ ಅರ್ಧಕ್ಕಿಳಿಸಿ ಕೊಟ್ಟಿದ್ದಾಳೆ.

ಹಕ್ಕಿ ಎಂದಾಗ ಅವಳಿಗೆ ಕೆರೆ ನೆನಪಾಯಿತು. ನಿಲ್ದಾಣದ ಪಶ್ಚಿಮಕ್ಕೆ ಮೂರು ಮೈಲಿಯಾಚೆ ಅಗಸಿಕೆರೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಸಾವಿರಾರು ಪಟ್ಟೆತಲೆಯ ಬಾತುಗಳು ಅಲ್ಲಿಗೆ ಬಂದು, ಸುತ್ತಲ ಹೊಲದ ಕಡಲೆ ತಿಂದು, ಮಾರ್ಚಿನಲ್ಲಿ ಒಟ್ಟಿಗೆ ಎದ್ದು ಹೋಗುತ್ತವೆ. ರೇಡಾರಿಗೆ ಬಾತಿನ ಹಿಂಡಿಗೂ ಡ್ರೋನ್ ಹಿಂಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಪ್ರತಿ ವರ್ಷ ಒಬ್ಬಿಬ್ಬರು ಬೆಚ್ಚಿ, ಆಮೇಲೆ ನಕ್ಕು, ರಿಜಿಸ್ಟರಿನಲ್ಲಿ 'ಹಕ್ಕಿ' ಎಂದು ಬರೆಯುತ್ತಿದ್ದರು. ಅವಳು ಹೋಗಿ ಆ ರಿಜಿಸ್ಟರ್ ತೆಗೆದಳು. ಕಳೆದ ಮೂರು ವರ್ಷ ಬಾತುಗಳು ಎದ್ದದ್ದು ಹದಿನೆಂಟು, ಇಪ್ಪತ್ತು, ಹತ್ತೊಂಬತ್ತು. ಆ ಸಾಲುಗಳ ಕೆಳಗೆ ಯಾರೋ ಪೆನ್ಸಿಲಿನಿಂದ ಗೆರೆ ಎಳೆದಿದ್ದರು.

ಈ ತಾರೀಕನ್ನು ದೇವರು ಆರಿಸಿದನೋ ಮಣ್ಣೂರ ಆರಿಸಿದರೋ?

ಅವಳು ರಾಜಧಾನಿಯ ಮುಖ್ಯ ಕಚೇರಿಗೆ ಫೋನು ಹಚ್ಚಿದಳು. ಅಲ್ಲಿಯ ಹಿರಿಯ ಅಧಿಕಾರಿ ಹತ್ತು ನಿಮಿಷ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಕನ್ನಡದವರೇ, ಮೈಸೂರು ಕಡೆಯವರು. "ಒಳ್ಳೇದಾಯ್ತು ಹೇಳಿದ್ದು. ಬರೆದು ಕಳಿಸಿ, ಮುಂದಿನ ವಾರ ತಂಡ ಕಳಿಸೋಣ," ಅಂದರು. ಇಂದುಮತಿಗೆ ಅರ್ಧ ಜೀವ ಬಂದಂತಾಯಿತು. ಫೋನು ಇಡುವ ಮೊದಲು ಅವರು ಹೇಳಿದರು, "ಅಲ್ಲೀವರೆಗೆ ಕಣ್ಣು ತೆರೆದಿರಲಿ."

ಅದು ಬರೀ ಬುದ್ಧಿಮಾತೂ ಇರಬಹುದಿತ್ತು. ಅವಳು ಎಷ್ಟೋ ಹೊತ್ತು ರಿಸೀವರನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

*

ಹದಿನೆಂಟರ ಸಂಜೆ ಮನೆಗೆ ಬಂದಾಗ ಗುರುಪಾದ ಕಟ್ಟೆಯ ಮೇಲೆ ಕೂತು ಬೂಟು ಒರೆಸುತ್ತಿದ್ದ. ಒಲೆಯ ಪಕ್ಕ ಮೊಸರಿನ ಗಡಿಗೆ ತೊಳೆದು ಬೋರಲು ಹಾಕಿತ್ತು. ಹೆಪ್ಪಿನ ಡಬ್ಬಿಯೂ ತೊಳೆದು ಅದರ ಪಕ್ಕ ಇಟ್ಟಿತ್ತು. ಡಬ್ಬಿಯ ಒಳಗೆ ಬಟ್ಟೆಯಿಂದ ಒರೆಸಿದ ಗುರುತು ಕೂಡ ಇತ್ತು.

ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಡಬ್ಬಿಯನ್ನು ಪೂರ್ತಿ ಖಾಲಿ ಮಾಡಿದ್ದನ್ನು ಅವಳು ನೋಡಿರಲಿಲ್ಲ.

"ಹೆಪ್ಪು ಹಾಕಲಿಲ್ಲೇನ್ರಿ?"

"ನಾಳಿಗೆ ಬ್ಯಾಡ."

"ನಾಳಿಗೆ ಬ್ಯಾಡೋ, ನಾಳೇನ ಬ್ಯಾಡೋ?"

ಅವನು ಬೂಟು ಕೆಳಗಿಟ್ಟ. ಸುಳ್ಳು ಹೇಳಲು ಬಾರದ ಮನುಷ್ಯ. "ಇಂದೂ, ನೂರಾ ಹನ್ನೆರಡು ಮಂದಿ ಮುಂದ ನಾ ಒಬ್ಬನ ನಿಂದರಬೇಕು ಅನ್ನೂದ ನೆನಿಸಿಕೊಂಡು ಏಳು ವರ್ಷ ಆತು. ಎಲ್ಲಾರದೂ ಒಂದ ದಿನಾ ನ್ಯಾಯ ಆದರ, ಆ ಗದ್ದಲದಾಗ ನಂದೂ ಒಂದು ಆಗಿ ಹೋಗತೈತಿ. ಸರ್ ಹಂಗ ಅಂದಾರ. ನನಗ ಅದು ಸಮಾಧಾನ ಅನಸ್ತು."

"ಆ ಗದ್ದಲಾ ಎಬ್ಬಸೂದು ನಿಮ್ಮ ತಲಿ ಮ್ಯಾಲಿನ ಟೊಪಿಗಿರಿ. ನೂರಾ ಹನ್ನೆರಡಲ್ಲ, ಕೋಟಿಗಟ್ಟಲೆ."

"ನಾ ಎಬ್ಬಸಾಂಗಿಲ್ಲ. ಬರೂದು ಬರತೈತಿ. ನಾ ಬರೇ ನೋಡತೀನಿ."

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಈ ಮನುಷ್ಯ ಪಕ್ಕದಲ್ಲಿ ಮಲಗಿ ಏಳು ವರ್ಷ ಹೀಗೆ ಒಳಗೊಳಗೇ ಬೇಯುತ್ತಿದ್ದ, ತಾನು ಅದನ್ನು ಗೊರಕೆ ಎಂದು ತಿಳಿದಿದ್ದಳು. ಬಟ್ಟಲು ಹಿಡಿದು ಹೊರಟಳು. ಹೆಪ್ಪು ಕೇಳುವುದು ಕಾಲೊನಿಯ ಹೆಂಗಸರಿಗೆ ಹೊಸದಲ್ಲ. ಒಬ್ಬರ ಮನೆಯಲ್ಲಿ ಕೆಟ್ಟರೆ ಇನ್ನೊಬ್ಬರ ಮನೆಯಿಂದ ಒಂದು ಚಮಚ. ವಿಲ್ಸನ್ ಮನೆಯಲ್ಲಿ ಇಲ್ಲ ಅಂದರು. ಅದರಾಚೆಯ ಮನೆಯಲ್ಲೂ ಇಲ್ಲ. ಅದರಾಚೆಯದರಲ್ಲಿ ಬಾಗಿಲಲ್ಲೇ ನಿಂತು, "ಇವತ್ತ ಎಲ್ಲಾ ಮಜ್ಜಿಗಿ ಮಾಡಿ ಕುಡದುಬಿಟ್ಟೀವ್ರಿ," ಅಂದರು. ಯಾರ ದನಿಯಲ್ಲೂ ದುಃಖವಿರಲಿಲ್ಲ. ನಾಳೆ ಎನ್ನುವುದನ್ನು ಇಷ್ಟು ಅಚ್ಚುಕಟ್ಟಾಗಿ ತೊಳೆದಿಟ್ಟ ಅಡುಗೆಮನೆಗಳನ್ನು ಒಂದೊಂದಾಗಿ ದಾಟಿ ಅವಳು ಮುಂದೆ ನಡೆದಳು.

ಕೊನೆಗೆ ಚನ್ನವ್ವನ ಮನೆ. ಚನ್ನವ್ವ ಜೋರಾಗಿ, ಒಳಗಿದ್ದ ಗಂಡನಿಗೆ ಕೇಳುವಂತೆ, "ಇಲ್ಲ ಇಂದಕ್ಕ, ಖಾಲಿ ಆತು," ಅಂದಳು. ಅಂದವಳು ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿ, ಬಾಳೆ ಎಲೆ ಮುಚ್ಚಿದ ಪುಟ್ಟ ಕುಡಿಕೆ ತೆಗೆದು, ಅದರಿಂದ ಒಂದು ಚಮಚ ಇವಳ ಬಟ್ಟಲಿಗೆ ಹಾಕಿದಳು.

"ಯಾರಿಗೂ ಹೇಳಬ್ಯಾಡ್ರಿ," ಎಂದು ಪಿಸುಗುಟ್ಟಿದಳು. "ಒಂದ ವ್ಯಾಳೆ ಬೆಳಕ ಹರದರ ಹುಡುಗೂರಿಗೆ ಏನ ಹಾಕಲಿ?"

*

ಹತ್ತೊಂಬತ್ತರ ಬೆಳಿಗ್ಗೆ ಇಂದುಮತಿಯ ಮುಂದೆ ಎರಡು ದಾರಿಗಳಿದ್ದವು. ರಜೆ ಹಾಕಿದರೆ ಅವಳ ಜಾಗಕ್ಕೆ ಎರಡನೇ ಪಾಳಿಯ ತಜ್ಞ ಬರುತ್ತಾನೆ. ಅವನೂ ಗುರುವಾರದ ಕೂಟದವನೇ. ಹೋದರೆ ಅವಳಿಂದ ಆಗುವುದು ಒಂದೇ ಕೆಲಸ, ಚುಕ್ಕಿ ಒಗೆಯುವುದು. ಅವಳು ಹೋದಳು. ಗಾಜಿನ ಕೋಣೆಯ ಬಾಗಿಲು ಪಾಳಿ ಮುಗಿಯುವವರೆಗೆ ಹೊರಗಿನಿಂದ ತೆರೆಯುವುದಿಲ್ಲ. ತಜ್ಞರ ಮೇಲೆ ಯಾರೂ ಒತ್ತಡ ಹಾಕದಿರಲೆಂದು ಮಾಡಿದ ಏರ್ಪಾಡು ಅದು.

ಎಂಟು ಗಂಟೆಗೆ ಮೊದಲ ಚುಕ್ಕಿ ಒಗೆದಳು. ಐದೂ ಗೆರೆಗಳು ಪರದೆಯ ಮೇಲಂಚಿಗೆ ಬಡಿದವು. ಇಷ್ಟು ದೊಡ್ಡ ಬೆಚ್ಚನ್ನು ಅವಳು ಕಂಡಿರಲಿಲ್ಲ. ಈರಣ್ಣ ಕೈ ಮುಗಿದ. ವಿಲ್ಸನ್ ಎದೆಯ ಮೇಲೆ ಕೈಯಿಟ್ಟುಕೊಂಡ. ಗುರುಪಾದನ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು, ಮುಖದಲ್ಲಿ ಅವಳು ಏಳು ವರ್ಷದಿಂದ ಕಾಣದ ನಿರಾಳ. ಮಣ್ಣೂರ ಎದ್ದು ನಿಂತು ಮುಚ್ಚಳದ ಮೇಲೆ ಕೈಯಿಟ್ಟರು. ಒಂದು ನಿಮಿಷ. ಹಸಿರು ದೀಪ ಹತ್ತಿತು.

ಎಂಟು ಎಂಟಕ್ಕೆ ಮತ್ತೊಂದು. ಎಂಟು ಹದಿನಾರಕ್ಕೆ ಇನ್ನೊಂದು. ಪಾಳಿಗೆ ಒಂದೇ ಎನ್ನುವುದು ನಿಯಮ. ಯಂತ್ರಕ್ಕೆ ಮಾತ್ರ ಆ ನಿಯಮವನ್ನು ಯಾರೂ ಕಲಿಸಿರಲಿಲ್ಲ. ಅವಳಿಗೆ ಗೊತ್ತಿದ್ದ ವಿಜ್ಞಾನ ಸರಳವಾದದ್ದು. ಮಿದುಳಿನ ಬೆಚ್ಚು ದಣಿಯುತ್ತದೆ. ದೀಪಾವಳಿಯ ಮೊದಲ ಪಟಾಕಿಗೆ ಕುಪ್ಪಳಿಸುವ ಮಗು ಐವತ್ತನೆಯದಕ್ಕೆ ಹೊರಳಿ ಮಲಗುತ್ತದೆ. ಸಾಯಂಕಾಲದೊಳಗೆ ಈ ಐವರ ಬೆಚ್ಚನ್ನು ಪೂರ್ತಿ ಖರ್ಚು ಮಾಡಿಸಬೇಕು.

ಆದರೆ ಪ್ರತಿ ಹಸಿರು ದೀಪಕ್ಕೂ ಗುರುಪಾದನ ಮುಖ ಒಂದೊಂದು ಬೆರಳಿನಷ್ಟು ಕಳೆಗುಂದುತ್ತಿತ್ತು. ಗುಂಡಿ ಒತ್ತಿದಾಗಲೆಲ್ಲ ತನ್ನ ಗಂಡನಿಗೆ ಸಿಕ್ಕ ಒಂದೇ ಸಮಾಧಾನವನ್ನು ತನ್ನ ಹೆಬ್ಬೆರಳಿಂದಲೇ ಹಿಸುಕುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಒತ್ತಿದಳು.

ಹನ್ನೊಂದಕ್ಕೆ ಒಳಫೋನು ಬಡಿದುಕೊಂಡಿತು. ಮಣ್ಣೂರರ ಮೆಲುಮಾತು ಮಾಯವಾಗಿತ್ತು. "ಇದೇನು ಆಟ ಮೇಡಂ? ನಿಲ್ಲಿಸಿ. ಇದು ಆಜ್ಞೆ."

"ಯಂತ್ರ ಹಳೇದಾಗೇತಿ ಅಂತ ನೀವ ಅಂದಿದ್ರಲ್ಲ ಸರ್. ಪರೀಕ್ಷಾ ಮಾಡಾಕತ್ತೀನಿ."

ಅವರು ಬಂದು ಗಾಜು ಗುದ್ದಿದರು. ಅದು ಗುಂಡು ತಡೆಯುವ ಗಾಜು. ಆಗ ಅವರು ಮಾಡಿದ ಕೆಲಸ ಅವರಂಥವರು ಮಾತ್ರ ಮಾಡುವಂಥದ್ದು. ಕಾವಲುಗಾರರ ಕಡೆ ತಿರುಗಿ ಮೈಕಿನಲ್ಲಿ ಹೇಳಿದರು, "ಇವೆಲ್ಲ ಆ ಹೆಂಗಸು ಒಗೆಯುತ್ತಿರೋ ಹುಸಿ. ಒಂದನ್ನೂ ನಂಬಬೇಡಿ. ನಿಜವಾದದ್ದು ಬಂದಾಗ ನಾನೇ ಹೇಳ್ತೀನಿ."

ಇಂದುಮತಿ ಗೆರೆಗಳನ್ನು ನೋಡಿದಳು. ತಾನು ಮೂರು ತಾಸು ಪರದಾಡಿ ಇಳಿಸಿದ್ದಕ್ಕಿಂತ ಹೆಚ್ಚನ್ನು ಆ ಒಂದು ಆಜ್ಞೆ ಇಳಿಸಿತ್ತು. ಗುರು ಹೇಳಿದ ಮೇಲೆ ಮುಗಿಯಿತು, ಶಿಷ್ಯರು ಬೆಚ್ಚುವುದನ್ನೇ ಬಿಟ್ಟರು.

ನಾಲ್ಕು ಹತ್ತಕ್ಕೆ ಪಶ್ಚಿಮದಲ್ಲಿ ಚುಕ್ಕಿಯೊಂದು ಮೂಡಿತು. ಇಂದುಮತಿಯ ಹೆಬ್ಬೆರಳು ಗುಂಡಿಯ ಮೇಲೆ ಇರಲಿಲ್ಲ. ಈ ಚುಕ್ಕಿ ಅವಳದಲ್ಲ.

ಐದು ಗೆರೆಗಳು ಸಣ್ಣಗೆ ಅಲುಗಿ ಮಲಗಿದವು. ವಿಲ್ಸನ್ ಆಕಳಿಸಿದ. ಒಂದು ನಿಮಿಷವಾಯಿತು, ಒಂದೂವರೆಯಾಯಿತು. ಹಸಿರು ದೀಪ ಹತ್ತಲಿಲ್ಲ. ಮಣ್ಣೂರರಿಗೆ ಅರ್ಥವಾಗಿಬಿಟ್ಟಿತು. "ಇದೇ! ಇದು ನಿಜ! ನೋಡ್ರೋ, ಸರಿಯಾಗಿ ನೋಡ್ರೋ!" ಎಂದು ಕಿರುಚಿದರು. ಈರಣ್ಣ ಕಣ್ಣರಳಿಸಿ ನೋಡಿದ, ಹಲ್ಲು ಕಚ್ಚಿ ನೋಡಿದ. ಏನು ಮಾಡಿದರೂ ಗೆರೆ ಏಳಲಿಲ್ಲ. ಸೆಲ್ಯೂಟ್ ಹೊಡೆಯಲು ಆಜ್ಞೆ ಕೊಡಬಹುದು, ಬೆಚ್ಚಲು ಕೊಡಲು ಬರುವುದಿಲ್ಲ. ಮುಚ್ಚಳ ಹಾಗೇ ಮುಚ್ಚಿಕೊಂಡಿತ್ತು. ಮಣ್ಣೂರ ಅದರ ಸಂದಿಗೆ ಉಗುರು ಹಾಕಿ ಎಳೆಯುತ್ತಿದ್ದರು.

ಆಗ ಗುರುಪಾದ ತನ್ನ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಪರದೆಯನ್ನು ಎರಡು ಸಲ ನೋಡಿದ, ಏಳು ವರ್ಷದ ಹಿಂದೆ ನೋಡಿದ್ದ ಹಾಗೆಯೇ.

"ಹಕ್ಕಿರಿ ಸರ್ ಅವು," ಅಂದ. "ಅಗಸಿಕೆರಿ ಬಾತು. ಹೊಂಟಾವು."

ಇಂದುಮತಿ ಗಾಜಿನ ಈಚೆ ಮುಖ ಮುಚ್ಚಿಕೊಂಡು ಅತ್ತಳು.

*

ಆ ಸಂಜೆ ಕಾಲೊನಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಾರನೇ ದಿನ ಬೆಳಕು ಹರಿಯಿತು. ಬೆಳಕು ಹರಿದ ಮೇಲೆ ಮಕ್ಕಳು ಊಟಕ್ಕೆ ಕೂತರು, ಊಟಕ್ಕೆ ಮೊಸರು ಕೇಳಿದರು. ಹದಿನೆಂಟರ ಸಂಜೆ ಇಂದುಮತಿ ತಾನೇ ಹಾಕಿದ ಹೆಪ್ಪು ನೀರು ನೀರಾಗಿಯಾದರೂ ಮೊಸರಾಗಿ ಉಳಿದಿತ್ತು. ಅವಳೂ ಚನ್ನವ್ವನೂ ಅದನ್ನು ಒಂದೊಂದು ಚಮಚ ಹಂಚಿದರು. ಒಬ್ಬೊಬ್ಬರೇ ಬಂದರು, ಬಟ್ಟಲು ಚಾಚಿದರು, ತಲೆ ತಗ್ಗಿಸಿಕೊಂಡು ಹೋದರು. ವಿಲ್ಸನ್ನನ ಹೆಂಡತಿ ಸಂಡಿಗೆಗೆ ಅಕ್ಕಿ ನೆನೆಹಾಕುವುದಾಗಿಯೂ ಹೇಳಿದಳು.

ಮಧ್ಯಾಹ್ನ ನೋಟಿಸು ಬಂತು. ಪಾಳಿಯೊಂದರಲ್ಲಿ ಅರವತ್ತೊಂದು ಹುಸಿ ಚುಕ್ಕಿ ಒಗೆದ ತಪ್ಪಿಗೆ ಇಂದುಮತಿ ಹಿಪ್ಪರಗಿ ಇನ್ನು ಗಾಜಿನ ಕೋಣೆ ಪ್ರವೇಶಿಸುವಂತಿಲ್ಲ, ವಿಚಾರಣೆ ನಡೆಯಲಿದೆ. ಬೇರೇನೂ ನಡೆಯಲಿಲ್ಲವಲ್ಲ, ಹಾಗಾಗಿ ಮಣ್ಣೂರರ ಮೇಲೆ ಬರೆಯಲು ಯಾರಿಗೂ ಏನೂ ಇರಲಿಲ್ಲ. ನೋಟಿಸಿನಲ್ಲಿ ವಿಚಾರಣೆಯ ತಾರೀಕಿನ ಜಾಗ ಖಾಲಿ ಇತ್ತು. ಮರೆತಿರಬೇಕು ಅಂದುಕೊಂಡಳು. ಆದರೂ ಅದು ಕಣ್ಣಲ್ಲಿ ಬಿದ್ದ ಕಸದ ಹಾಗೆ ಚುಚ್ಚುತ್ತಲೇ ಇತ್ತು.

ಹತ್ತು ಮನೆಯ ಲೆಕ್ಕ ಆಗಿತ್ತು. ಹನ್ನೊಂದನೆಯದರಿಂದ ಯಾರೂ ಬಂದಿರಲಿಲ್ಲ. ಸಂಜೆ ಅವಳೇ ಬಟ್ಟಲು ಹಿಡಿದು ಮಣ್ಣೂರರ ಮನೆಗೆ ಹೋದಳು. ಅವರ ಹೆಂಡತಿ ವಸುಧಾಬಾಯಿ ಬಾಗಿಲು ತೆರೆದು, ಏನೂ ಆಗದವರ ಹಾಗೆ ನಕ್ಕು, ಒಳಗಿನಿಂದ ಪಾತ್ರೆ ತಂದರು.

"ಭಾಳ ಉಪಕಾರ ಆತ್ರಿ. ಇಷ್ಟ್ಯಾಕ ಹಾಕತೀರಿ, ಸ್ವಲ್ಪ ಸಾಕು. ಶನಿವಾರದ ತನಕಾ ಆದರ ಆತು."

ಇಂದುಮತಿಯ ಕೈಯಲ್ಲಿ ಚಮಚ ಅಲ್ಲೇ ನಿಂತಿತು. "ಶನಿವಾರದ ಮ್ಯಾಲ?"

"ಅವರದು ಲೆಕ್ಕಾ ಸ್ವಲ್ಪ ತಪ್ಪಿತ್ತಂತ್ರಿ," ಅಂದರು ಆಕೆ, ಮದುವೆ ಮುಹೂರ್ತ ಮುಂದೆ ಹೋದದ್ದನ್ನು ಹೇಳುವಷ್ಟು ಸಲೀಸಾಗಿ. ಬಾಗಿಲು ಮುಚ್ಚಿಕೊಂಡಿತು.

ಅವಳು ನಿಂತಲ್ಲಿಂದ ಪಶ್ಚಿಮಕ್ಕೆ ನೋಡಿದಳು. ಅಗಸಿಕೆರೆಯ ಮೇಲೆ ಇನ್ನೂ ಬಾತುಗಳ ಗದ್ದಲವಿತ್ತು. ನಿನ್ನೆ ಎದ್ದು ಹೋದದ್ದು ಅರ್ಧ ಹಿಂಡು ಮಾತ್ರ.

ಮನೆಗೆ ಬಂದು ಗುರುಪಾದನಿಗೆ ಹೇಳಿದಳು. ಅವನು ಹಾಲು ಕಾಸುತ್ತಿದ್ದ. ಬೆರಳದ್ದಿ ನೋಡಿದ, ಹೆಪ್ಪು ಬೆರೆಸಿದ, ತಟ್ಟೆ ಮುಚ್ಚಿದ. ಅಲ್ಲಿಯವರೆಗೆ ಎಂದಿನಂತೆ ಮಾತಾಡಲಿಲ್ಲ. ಆಮೇಲೆ ಅವ್ವನ ಹಳೇ ಡಬ್ಬಿಯಲ್ಲಿ ಒಂದು ಚಮಚ ಹೆಪ್ಪು ಬೇರೆ ತೆಗೆದು ಅವಳ ಮುಂದಿಟ್ಟ.

"ಇದು ಸೋಮವಾರಕ್ಕ. ಐತವಾರದ ಪಾಳಿ ನಂದೈತಿ. ನೀ ಇರಾಂಗಿಲ್ಲ, ನಾ ಇರತೀನಿ."

"ನೋಡಿ ಏನಂತೀರಿ?"

"ಹಕ್ಕ್ಯಾದರ ಹಕ್ಕಿ ಅಂತೀನಿ."

ಅವನ ಕಣ್ಣುಗಳನ್ನು ಅವಳು ಬಹಳ ಹೊತ್ತು ನೋಡಿದಳು. ಟೊಪ್ಪಿಗೆ ಇಲ್ಲದ ತಲೆಯೊಳಗೆ ಯಾವ ಗೆರೆ ಎದ್ದಿದೆ, ಯಾವುದು ಮಲಗಿದೆ ಎಂದು ಓದಲು ಹೆಂಡತಿಯ ಬಳಿ ಯಾವ ಯಂತ್ರವೂ ಇಲ್ಲ. ನಂಬಬೇಕು ಎಂದು ಜೀವ ಹಾತೊರೆಯುತ್ತಿತ್ತು. ಅವಳು ಡಬ್ಬಿಯನ್ನು ಎತ್ತಿಕೊಂಡು ಹೋಗಿ, ಪಟ್ಟಿ ವಾಪಸು ಹೋಗಿ ಖಾಲಿಯಾಗಿದ್ದ ಉಕ್ಕಿನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದಳು. ಬೀಗದ ಸಂದಿಗೆ ಒಂದು ಕೂದಲನ್ನೂ ಸಿಕ್ಕಿಸಿದಳು.